ಕೆಂಪನ್ನು ನುಂಗಿದ ದುರ್ಬೀನು

ನಮ್ಮ ಚಿಕ್ಕಮ್ಮನಿಗೆ ಕಣ್ಣು ಕಾಣುವುದಿಲ್ಲ ಎಂದು ಬರೆದ ಕಾಗದವನ್ನು ನಾನೇ ಓದಿದೆ. ಮೂರೇ ಸಾಲು. "ಕಾವಲುಗಾರ್ತಿಯ ದೃಷ್ಟಿದೋಷದಿಂದ ಅಪಘಾತ ಸಂಭವಿಸಿರುವುದು ಮೇಲ್ನೋಟಕ್ಕೆ ಕಂಡುಬಂದಿದೆ" ಅಂತೆ. ಮೇಲ್ನೋಟಕ್ಕೆ! ಕ್ವಾರಿಯ ಆಫೀಸಿನಿಂದ ಅವಳ ಅಟ್ಟಣೆಗೆ ಹದಿನೈದು ನಿಮಿಷದ ನಡಿಗೆ. ಅಷ್ಟು ದೂರ ನಡೆದು ಬಂದು ಮೇಲೆ ಹತ್ತಿ ನೋಡಲು ಒಬ್ಬರಿಗೂ ಕಾಲು ಬರಲಿಲ್ಲ, ಕುರ್ಚಿಯಲ್ಲಿ ಕೂತಲ್ಲೇ ಎಲ್ಲ ಕಂಡುಬಿಟ್ಟಿತು. ಈಗಲೂ ನೆನೆಸಿಕೊಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಆದ್ದರಿಂದ ಇದನ್ನು ಸಮಾಧಾನವಾಗಿ ಹೇಳುತ್ತೇನೆಂದು ಯಾರಿಗೂ ಮಾತು ಕೊಡಲಾರೆ.

ಚಿಕ್ಕಮ್ಮ ಎಂದರೆ ನನ್ನ ಅಮ್ಮನ ತಂಗಿ. ಹತ್ತೊಂಬತ್ತು ವರ್ಷದಿಂದ ಕಲ್ಲು ಕ್ವಾರಿಯಲ್ಲಿ ಕಾವಲಿನ ಕೆಲಸ. ಕಾವಲು ಎಂದ ತಕ್ಷಣ ಕೋಲು ಹಿಡಿದು ಬಾಗಿಲಲ್ಲಿ ತೂಕಡಿಸುವ ಕೆಲಸ ಎಂದುಕೊಳ್ಳಬೇಡಿ. ಕ್ವಾರಿಗೂ ರಸ್ತೆಗೂ ನಡುವೆ ಒಂದು ದಿಬ್ಬವಿದೆ. ದಿಬ್ಬದ ಮೇಲೆ ಕಬ್ಬಿಣದ ಕಾಲುಗಳ ಅಟ್ಟಣೆ, ಅದರ ಮೇಲೆ ತಗಡಿನ ಕೋಣೆ. ಒಳಗೆ ಒಂದು ಸ್ಟೂಲು, ನೀರಿನ ಕ್ಯಾನು, ಗಡಿಯಾರ, ಕಿಟಕಿಯ ಪಕ್ಕದಲ್ಲಿ ಒಂದು ಉದ್ದನೆಯ ಹಿಡಿಕೆ. ಹಿಡಿಕೆ ಎಳೆದರೆ ತಂತಿ ಜಗ್ಗಿ ಕೆಳಗೆ ರಸ್ತೆಯ ಎರಡು ತುದಿಯಲ್ಲೂ ಒಳಬರುವ ಬದಿಯ ಗೇಟುಗಳು ಬೀಳುತ್ತವೆ. ಮದ್ದಿನ ಮೇಸ್ತ್ರಿ ಕ್ವಾರಿಯೊಳಗಿನ ಬಂಡೆಗೆ ಮದ್ದು ತುಂಬಿಸಿ, ಮುಕ್ಕಾಲು ಕಿಲೋಮೀಟರ್ ಆಚೆ ಎದುರಿನ ಅಂಚಿನಲ್ಲಿ ಕೆಂಪು ಬಾವುಟ ಏರಿಸುತ್ತಾನೆ. ಏರಿಸಿ ಇನ್ನೂರು ಎಣಿಸುತ್ತಾನೆ. ಆಮೇಲೆ ಬಂಡೆ ಸಿಡಿಯುತ್ತದೆ. ಬಾವುಟ ಏರಿದ್ದು ಕಂಡ ತಕ್ಷಣ ಚಿಕ್ಕಮ್ಮ ಗೇಟು ಬೀಳಿಸಬೇಕು. ಆಗ ಮಾತ್ರ ಒಳಗೆ ಸಿಕ್ಕಿಕೊಂಡ ಗಾಡಿಗಳು ಆ ಇನ್ನೂರು ಮುಗಿಯುವುದರೊಳಗೆ ಆಚೆ ದಾಟಿಕೊಳ್ಳುತ್ತವೆ.

ಈ ಕಾಲದಲ್ಲಿ ಬಾವುಟ ಯಾಕೆ, ಫೋನು ಮಾಡಬಾರದೇ ಎಂದು ಎಲ್ಲರೂ ಕೇಳುತ್ತಾರೆ. ಮದ್ದಿಗೆ ಕರೆಂಟಿನ ತಂತಿ ಜೋಡಿಸಿದ ಜಾಗದ ಹತ್ತಿರ ಮೊಬೈಲಾಗಲಿ ವೈರ್‌ಲೆಸ್ಸಾಗಲಿ ತರುವಂತಿಲ್ಲ. ಸೈರನ್ ಒಂದಿದೆ. ಗಾಳಿ ಎದುರಿಗಿದ್ದರೆ ಅದು ಕೇಳುವುದಿಲ್ಲ, ಎರಡು ತಿಂಗಳಿಂದಂತೂ ಕೂಗುವುದನ್ನೇ ಬಿಟ್ಟಿತ್ತು. ಹಾಗಾಗಿ ಉಳಿದದ್ದು ಒಂದು ತುಂಡು ಬಟ್ಟೆ, ಒಂದು ದುರ್ಬೀನು, ನಮ್ಮ ಚಿಕ್ಕಮ್ಮನ ಎರಡು ಕಣ್ಣು. ಆ ರಸ್ತೆಯ ಡ್ರೈವರುಗಳೆಲ್ಲ ಅವಳನ್ನು ಹದ್ದಮ್ಮ ಎಂದು ಕರೆಯುತ್ತಿದ್ದರು. ಅವಳಿಗೂ ಅದು ಇಷ್ಟ. ಕ್ರಷರ್ ಮೆಷಿನ್ನಿನ ಸದ್ದಿನಲ್ಲಿ ಕಿವಿ ಮಂದವಾದ ನಮ್ಮ ಚಿಕ್ಕಪ್ಪ, "ಇವಳು ಬೈಯೋದು ನನಗೆ ಕೇಳಲ್ಲ, ನಾನು ಕದ್ದು ತಿನ್ನೋದು ಇವಳಿಗೆ ಕಾಣುತ್ತೆ, ನ್ಯಾಯ ಎಲ್ಲಿದೆ?" ಎಂದು ನಗುತ್ತಿದ್ದ.

ಅವಳಿಗೆ ಕೆಲಸ ಕಲಿಸಿದ್ದು ಅವಳ ಮಾವ. ಅದೇ ಅಟ್ಟಣೆಯಲ್ಲಿ ಅವಳಿಗಿಂತ ಮೊದಲು ಕೂತವರು ಅವರೇ. ದುರ್ಬೀನು ಕೈಗೆ ಬಂದರೆ ಮೊದಲು ತಿರುಗಿಸಿ ಹಿಡಿ ಎಂದು ಹೇಳಿಕೊಟ್ಟರು. ಕಣ್ಣಿಡುವ ಸಣ್ಣ ತುದಿಯ ಮುಂದೆ ಬಿಳಿ ಕಾಗದ ಇಡಬೇಕು, ದೊಡ್ಡ ತುದಿಯಿಂದ ಇಣುಕಬೇಕು. ಗಾಜಿನೊಳಗೆ ಕಾಣುವ ಕಾಗದವನ್ನೂ ಗಾಜಿನ ಹೊರಗೆ ಉಳಿದ ಕಾಗದವನ್ನೂ ಒಟ್ಟಿಗೆ ನೋಡಬೇಕು. ಯಾವ ದುರ್ಬೀನೂ ಬಿಳಿಯನ್ನು ಬಿಳಿಯಾಗಿ ತೋರಿಸುವುದಿಲ್ಲ. ಒಂದರಲ್ಲಿ ಕಾಗದ ಚಹಾ ಚೆಲ್ಲಿದ ಹಾಗೆ, ಇನ್ನೊಂದರಲ್ಲಿ ನೀಲಿ ಹಾಕಿ ಒಗೆದ ಹಾಗೆ, ಮತ್ತೊಂದರಲ್ಲಿ ತೆಳ್ಳಗೆ ಪಾಚಿ ಕಟ್ಟಿದ ಹಾಗೆ ಕಾಣುತ್ತದೆ. "ಕಣ್ಣಿಗೆ ಇಟ್ಟು ಹತ್ತು ನಿಮಿಷ ಕೂತರೆ ಕಣ್ಣು ಅದನ್ನೇ ಬಿಳಿ ಅಂತ ಒಪ್ಕೊಂಡುಬಿಡುತ್ತೆ ಕಣಮ್ಮ. ಒಪ್ಪಿಕೊಳ್ಳೋ ಮೊದಲೇ ಅದರ ಸುಳ್ಳು ಎಷ್ಟು ಅಂತ ಹಿಡಿದಿಟ್ಟುಕೋ," ಎಂದಿದ್ದರಂತೆ. ಅವರ ಹಳೆಯ ದುರ್ಬೀನು ಸ್ವಲ್ಪ ಹಳದಿಯ ಕಡೆ ವಾಲುತ್ತಿತ್ತು, ಕೆಂಪಿನ ತಂಟೆಗೆ ಮಾತ್ರ ಹೋಗುತ್ತಿರಲಿಲ್ಲ. ಆ ಬಾವುಟ ಏರಿದರೆ ಅದರಲ್ಲಿ ಹಸಿ ಗಾಯದ ಹಾಗೆ ಎದ್ದು ಕಾಣುತ್ತಿತ್ತು.

ಈ ವರ್ಷ ಆ ದುರ್ಬೀನಿನ ಕುತ್ತಿಗೆಪಟ್ಟಿ ಹರಿಯಿತು. ಪಟ್ಟಿ, ಅಷ್ಟೇ. ಹೊಲಿದು ಕೊಡಿ ಎಂದು ಸ್ಟೋರಿಗೆ ಕೊಟ್ಟಳು. ಸ್ಟೋರ್ ಕೀಪರು, "ಹಳೇದಾಯ್ತು, ಯಾಕೆ ಇನ್ನೂ ಅದನ್ನೇ ಕಟ್ಕೊಂಡು ಒದ್ದಾಡ್ತೀರಿ?" ಎಂದು ಹೊಸದೊಂದು ಕೊಟ್ಟರು. ನೋಡಲು ಎಷ್ಟು ಚಂದ! ಮುಂದಿನ ಗಾಜು ಎರಡೂ ಮಾಣಿಕ್ಯದ ಹಾಗೆ ಕೆಂಪಗೆ ಹೊಳೆಯುತ್ತಿದ್ದವು. ಆಫೀಸಿನವರೆಲ್ಲ ಸರದಿಯಲ್ಲಿ ಹಿಡಿದು ನೋಡಿ ಭೇಷ್ ಎಂದರಂತೆ. ಚಿಕ್ಕಮ್ಮ ಅಲ್ಲೇ ಮೇಜಿನ ಮೇಲಿದ್ದ ಬಿಳಿ ಕಾಗದ ತೆಗೆದು, ದುರ್ಬೀನನ್ನು ತಿರುಗಿಸಿ ಇಣುಕಿದಳು. ಕಾಗದ ಹಸಿರು ಹಸಿರಾಗಿತ್ತು.

"ಸರ್, ಇದರಲ್ಲಿ ಕೆಂಪು ಸತ್ತುಹೋಗುತ್ತೆ. ನನಗೆ ಹಳೇದೇ ಕೊಡಿ," ಎಂದಳು.

"ತಲೆಕೆಳಗು ಹಿಡಿದು ನೋಡಿದ್ರೆ ಇನ್ನೇನು ಕಾಣುತ್ತೆ?" ಎಂದು ಸ್ಟೋರ್ ಕೀಪರು ಹಲ್ಲು ಕಿರಿದರು. ಇಡೀ ಆಫೀಸು ನಕ್ಕಿತು. ಮಾರನೆಯ ದಿನ ಅವಳು ಬರೆದೂ ಕೊಟ್ಟಳು. ಕಣ್ಣು ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಬಾಯಲ್ಲೇ ಉತ್ತರ ಬಂತು.

ಆ ಹೊಸ ಗಾಜಿನಲ್ಲಿ ಬಂಡೆ ಬೂದಿ ಹಸಿರು, ಪೊದೆ ಕಡುಹಸಿರು, ಕೆಂಪು ಬಾವುಟ ಮಾತ್ರ ಕಂದು. ಬಿಸಿಲು ಕಂಡು ಕಂಡು ಮೊದಲೇ ಮಾಸಿದ ಬಾವುಟ ಬೇರೆ. ಚಿಕ್ಕಮ್ಮ ಏನು ಮಾಡಬೇಕು? ಕಂದು ಕಂಡಲ್ಲಿ ಮನಸ್ಸಿನಲ್ಲೇ ಒಂದಿಷ್ಟು ಕೆಂಪು ಬೆರೆಸಿಕೊಳ್ಳುವುದನ್ನು ಅಭ್ಯಾಸ ಮಾಡಿಕೊಂಡಳು. ಬಾವುಟದ ಜಾಗದಲ್ಲಿ ಕಂದು ಕಂಡರೆ ಕೆಂಪು ಎಂದೇ ಲೆಕ್ಕ. ಹೀಗೇ ಎರಡು ವಾರ ನಡೆಯಿತು. ಮೂರನೆಯ ವಾರ ಅಂಚಿನ ಮೇಲಿನ ಕೆಲಸಗಾರರು ನೆರಳಿಗೆಂದು ಬಾವುಟದ ಕಂಬದ ಪಕ್ಕದಲ್ಲೇ ಒಂದು ಕಂದು ತಾಡಪಾಲು ಕಟ್ಟಿದರು. ಗಾಳಿಗೆ ಅದರ ಮೂಲೆ ಎದ್ದಿತು. ಚಿಕ್ಕಮ್ಮ ಗೇಟು ಬೀಳಿಸಿದಳು. ಎಷ್ಟು ಹೊತ್ತಾದರೂ ಏನೂ ಸಿಡಿಯಲಿಲ್ಲ. ಮರುದಿನ ಮತ್ತೆ ಹಾಗೇ ಆಯಿತು. ಕೆಳಗೆ ಗಾಡಿಗಳು ಸಾಲುಗಟ್ಟಿ ಹಾರ್ನ್ ಬಾರಿಸಿ ಬಾರಿಸಿ ದಿಬ್ಬವೇ ನಡುಗಿತು.

ಆ ಸಂಜೆಯೇ ಅವಳಿಗೆ ನೋಟಿಸು ಬಂತು. ದುರ್ಬೀನಿನ ಬಗ್ಗೆ ಬರೆದುಕೊಟ್ಟ ಕಾಗದಕ್ಕೆ ಮೂರು ವಾರವಾದರೂ ಲಿಖಿತ ಉತ್ತರವಿಲ್ಲ, ಇದಕ್ಕೆ ಮಾತ್ರ ಮೂರು ಗಂಟೆ ಸಾಕಾಯಿತು. "ವಾಹನ ಚಾಲಕರಿಂದ ದೂರು ಬಂದಿದೆ. ಇನ್ನು ಮುಂದೆ ಕಾರಣವಿಲ್ಲದೆ ರಸ್ತೆ ಮುಚ್ಚಿದಲ್ಲಿ ಕ್ರಮ ಜರುಗಿಸಲಾಗುವುದು." ಚಿಕ್ಕಮ್ಮ ಅದನ್ನು ನಾಲ್ಕಾಗಿ ಮಡಚಿ ಬ್ಲೌಸಿನಲ್ಲಿ ಇಟ್ಟುಕೊಂಡು ಮನೆಗೆ ಬಂದಳು. ಊಟ ಮಾಡಲಿಲ್ಲ.

ಅದಾದ ಐದನೆಯ ದಿನ, ಬೆಳಿಗ್ಗೆ ಹತ್ತೂವರೆಗೆ, ಕಂಬದ ಮೇಲೆ ಕಂದು ಬಣ್ಣ ಅಲುಗಿತು. ಬಾವುಟವೋ ತಾಡಪಾಲೋ ಎಂದು ಅವಳು ನೋಡಿದಳು. ದುರ್ಬೀನು ಇಳಿಸಿ ಬರಿಗಣ್ಣಲ್ಲಿ ನೋಡಿದಳು, ಅಷ್ಟು ದೂರಕ್ಕೆ ಬರಿಗಣ್ಣಿಗೆ ಏನು ದಕ್ಕುತ್ತದೆ? ಮತ್ತೆ ದುರ್ಬೀನು ಏರಿಸಿದಳು. ಅವಳು ಹಿಡಿಕೆ ಎಳೆಯುವ ಹೊತ್ತಿಗೆ ಹಾಲಿನ ವ್ಯಾನು ಗೇಟು ದಾಟಿ ಒಳಗೆ ಬಂದಾಗಿತ್ತು. ಹೊಂಡವಿದ್ದ ಕಡೆ ಅದು ನಿಧಾನ ಮಾಡಿತು. ಬಂಡೆ ಸಿಡಿಯಿತು. ಕುಂಬಳಕಾಯಿ ಗಾತ್ರದ ಒಂದು ಕಲ್ಲು ವ್ಯಾನಿನ ಮುಂದಿನ ಗಾಜು ಒಡೆದು ಒಳಗೆ ಬಿತ್ತು. ಡ್ರೈವರನ ಬಲಗೈ ಎರಡು ಕಡೆ ಮುರಿಯಿತು. ಒಂದು ಗೇಣು ಆಚೆ ಬಿದ್ದಿದ್ದರೆ ತಲೆ.

ಅಟ್ಟಣೆಯಿಂದ ಮೊದಲು ಓಡಿ ಇಳಿದು ಅವನನ್ನು ಹೊರಗೆ ಎಳೆದವಳು ಚಿಕ್ಕಮ್ಮ. ಆಸ್ಪತ್ರೆಯ ತನಕ ಅವನ ಕೈ ಹಿಡಿದು ಕೂತಿದ್ದಳು. ಎರಡು ದಿನ ಬಿಟ್ಟು ನೋಡಲು ಹೋದರೆ ಅವನು ಗೋಡೆಯ ಕಡೆ ಮುಖ ತಿರುಗಿಸಿದ. "ಹದ್ದಮ್ಮ ನಿದ್ದೆ ಹೊಡೀತಿದ್ಲು" ಎಂದು ಬಂದವರಿಗೆಲ್ಲ ಹೇಳುತ್ತಿದ್ದನಂತೆ. ಆಫೀಸಿನವರಿಗೆ ಅಷ್ಟೇ ಸಾಕಾಗಿತ್ತು, ಇಡೀ ಗೂಬೆಯನ್ನು ತಂದು ಅವಳ ತಲೆಯ ಮೇಲೆ ಕೂರಿಸಿದರು. ಮೊದಲು ಕಣ್ಣಿನ ದೋಷ ಎಂದರು. ಕಣ್ಣಿನ ಡಾಕ್ಟರು ಬಣ್ಣ ಸರಿಯಾಗಿ ತಿಳಿಯುತ್ತದೆಯೇ ಎಂದು ನೋಡಲು ಬಣ್ಣದ ಚುಕ್ಕೆಗಳ ನಡುವೆ ಅಂಕಿ ಅಡಗಿರುವ ಪುಸ್ತಕ ತೋರಿಸಿದರು. ಅವಳು ಒಂದೂ ಬಿಡದೆ ಓದಿದಳು. ದೂರದ್ದೂ ಓದಿದಳು, ಹತ್ತಿರದ್ದೂ ಓದಿದಳು. ಡಾಕ್ಟರು ಚೀಟಿ ಬರೆದುಕೊಟ್ಟರು. ಆ ಚೀಟಿ ನೋಡಿ ಮ್ಯಾನೇಜರು ಹೇಳಿದ್ದು ಕೇಳಿ: "ಆಸ್ಪತ್ರೇಲಿ ಕಾಣುತ್ತೆ, ಅಟ್ಟಣೆ ಮೇಲೆ ಕಾಣಲ್ಲ ಅಂದ್ರೆ ಗಮನ ಇಲ್ಲ ಅಂತ ಅರ್ಥ." ಈ ಮಾತಿಗೆ ಏನು ಉತ್ತರ ಕೊಡುತ್ತೀರಿ?

ಅವಳನ್ನು ಅಟ್ಟಣೆಯಿಂದ ಇಳಿಸಿ ಆಫೀಸಿನ ಹಿಂದೆ ಖಾಲಿ ಚೀಲ ಎಣಿಸಲು ಹಾಕಿದರು. ವಿಚಾರಣೆ ಮುಗಿದು ಆ ಮೂರು ಸಾಲು ಹಾಗೇ ಉಳಿದರೆ ಮತ್ತೆ ಜನ್ಮದಲ್ಲಿ ಮೇಲೆ ಹತ್ತುವಂತಿಲ್ಲ. ಚಿಕ್ಕಮ್ಮ ಚೀಲ ಎಣಿಸಿಕೊಂಡೂ ಬದುಕಿಯಾಳು. ಕಾಯುತ್ತಿರಲಿಲ್ಲ, ಮಲಗಿದ್ದಳು ಎಂಬ ಮಾತು ಮಾತ್ರ ಅವಳ ಗಂಟಲಲ್ಲಿ ಇಳಿಯಲಿಲ್ಲ. "ಕುರುಡಿ ಅಂತ ಬೇಕಾದ್ರೆ ಅನ್ನಲಿ ಕಣೇ. ನಿದ್ದೆ ಮಾಡ್ತಿದ್ದೆ ಅಂತ ಅನ್ನಬಾರದು," ಎಂದು ನನ್ನೆದುರು ಅತ್ತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ನಾನು ನೂಲು, ಗುಂಡಿ, ಲೈನಿಂಗ್ ಬಟ್ಟೆ ಮಾರುವವಳು. ದರ್ಜಿಗಳು ಬಟ್ಟೆಯ ಚೂರು ತಂದು ಇದಕ್ಕೆ ಹೊಂದುವ ನೂಲು ಕೊಡಿ ಎಂದರೆ ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಕೊಡುವುದೇ ಇಲ್ಲ. ಚೂರನ್ನೂ ನೂಲನ್ನೂ ಹಿಡಿದು ರಸ್ತೆಗೆ ಇಳಿಯುತ್ತೇನೆ. ಒಳಗೆ ಅಕ್ಕತಂಗಿಯ ಹಾಗೆ ಕಂಡ ಎರಡು ಬಣ್ಣ ಹೊರಗೆ ಬಂದರೆ ಸವತಿಯರ ಹಾಗೆ ಮುಖ ತಿರುಗಿಸುತ್ತವೆ. ಬಣ್ಣ ಎಂಬುದು ಎಷ್ಟು ಸುಲಭವಾಗಿ ಮೋಸ ಮಾಡುತ್ತದೆ ಎಂದು ನನಗೆ ಯಾವ ಮ್ಯಾನೇಜರೂ ಕಲಿಸಬೇಕಾಗಿಲ್ಲ. ವಿಚಾರಣೆಯ ದಿನ ಆರು ದೊಡ್ಡ ನೂಲಿನ ಕೋನುಗಳನ್ನು ಚೀಲಕ್ಕೆ ತುಂಬಿಕೊಂಡು ಚಿಕ್ಕಮ್ಮನ ಜೊತೆ ಹೋದೆ. ಎರಡು ಮಾಸಲು ಕೆಂಪು, ಎರಡು ಕಂದು, ಒಂದು ಕಾವಿ, ಒಂದು ಹಸಿರು.

ತನಿಖೆಗೆ ಬೇರೆ ಊರಿನಿಂದ ಒಬ್ಬ ಇಂಜಿನಿಯರಮ್ಮ ಬಂದಿದ್ದರು. ಕಡಿಮೆ ಮಾತು, ಗಿಡ್ಡ ಕೂದಲು. ಮ್ಯಾನೇಜರೂ ಸ್ಟೋರ್ ಕೀಪರೂ ಅವರ ಎರಡು ಪಕ್ಕ ಕೂತಿದ್ದರು, ಮೂಲೆಯಲ್ಲಿ ಟೈಪಿಸ್ಟು. ಚಿಕ್ಕಮ್ಮ ದುರ್ಬೀನಿನ ವಿಷಯ ಎತ್ತಿದ್ದೇ ತಡ, ಸ್ಟೋರ್ ಕೀಪರು ಬಾಲ ತುಳಿದ ಬೆಕ್ಕಿನ ಹಾಗೆ ಎದ್ದರು. "ಮೇಡಂ, ಗಾಜು ನೀವೇ ನೋಡಿ. ಇಷ್ಟು ಕೆಂಪಗಿರೋ ಗಾಜು ಕೆಂಪನ್ನ ಇನ್ನೂ ಜಾಸ್ತಿ ತೋರಿಸ್ಬೇಕು, ಕಮ್ಮಿ ಹೇಗೆ ತೋರಿಸುತ್ತೆ?"

"ಸರ್, ಮನೆಯಿಂದ ಹೊರಗೆ ಹಾಕಿದವರು ಬೀದಿಯಲ್ಲಿ ಕಾಣ್ತಾರೆ, ಮನೆ ಒಳಗೆ ಕಾಣಲ್ಲ," ಎಂದಳು ಚಿಕ್ಕಮ್ಮ. "ಆ ಗಾಜಿನ ಲೇಪ ಕೆಂಪನ್ನ ಒಳಗೆ ಬಿಡದೆ ವಾಪಸ್ ತಳ್ಳುತ್ತೆ. ಅದಕ್ಕೇ ಹೊರಗೆ ನಿಂತಿರೋ ನಿಮ್ಮ ಕಣ್ಣಿಗೆ ಕೆಂಪಗೆ ಹೊಳೆಯೋದು. ಒಳಗಿಂದ ನೋಡೋಳಿಗೆ ಏನು ಉಳೀತು ಹೇಳಿ?"

ಇಂಜಿನಿಯರಮ್ಮ ಪೆನ್ನು ಕೆಳಗಿಟ್ಟರು. ನಾನು ಆಗಲೇ ಚೀಲ ತೆಗೆದು, "ಇಲ್ಲಿ ಬೇಡ ಮೇಡಂ, ಈ ಟ್ಯೂಬ್‌ಲೈಟೂ ಸುಳ್ಳು ಹೇಳುತ್ತೆ, ಹೊರಗೆ ಬನ್ನಿ," ಎಂದುಬಿಟ್ಟೆ. ನೀನ್ಯಾರು ಎಂದು ಮ್ಯಾನೇಜರು ಕೇಳಿದರು. ನೂಲಿನವಳು ಎಂದೆ.

ಅಂಗಳದ ಆ ತುದಿಯ ಗೋಡೆಯ ನೆರಳಿನಲ್ಲಿ ಕೋನುಗಳನ್ನು ಸಾಲಾಗಿ ಇಟ್ಟೆ. ಇಂಜಿನಿಯರಮ್ಮ ಮೊದಲು ಬಿಳಿ ಕಾಗದದ ಮೇಲೆ ದುರ್ಬೀನು ತಿರುಗಿಸಿ ಇಣುಕಿದರು. ಆಮೇಲೆ ದುರ್ಬೀನನ್ನು ಮ್ಯಾನೇಜರ ಕೈಗೆ ಕೊಟ್ಟು, "ಕಂದು ಎಷ್ಟಿದೆ ಎಣಿಸಿ," ಎಂದರು.

"ನಾಲ್ಕು," ಎಂದರು ಮ್ಯಾನೇಜರು, ಗಟ್ಟಿಯಾಗಿ.

ನಾನು ಹೋಗಿ ಎರಡು ಕೆಂಪು ಕೋನು ಎತ್ತಿಕೊಂಡು ಬಂದು ಅವರ ಮೂಗಿನ ಕೆಳಗೆ ಹಿಡಿದೆ. ಇವರಿಗೆ ಕಣ್ಣಿನ ದೋಷವೋ ಗಮನದ ದೋಷವೋ ಎಂದು ಕೇಳಬೇಕೆಂದು ನಾಲಿಗೆ ತುದಿಗೆ ಬಂತು. ಚಿಕ್ಕಮ್ಮ ನನ್ನ ಸೆರಗು ಜಗ್ಗಿದಳು.

"ಹಳೇ ದುರ್ಬೀನು ಎಲ್ಲಿ?" ಇಂಜಿನಿಯರಮ್ಮ ಕೇಳಿದರು.

"ಅದು ಹಾಳಾಗಿತ್ತು ಮೇಡಂ, ತೆಗೆದುಹಾಕಿದ್ವಿ," ಎಂದರು ಸ್ಟೋರ್ ಕೀಪರು.

"ಪಟ್ಟಿ ಹರಿದಿತ್ತು. ಗಾಜು ಸರಿಯಾಗೇ ಇತ್ತು," ಎಂದಳು ಚಿಕ್ಕಮ್ಮ.

ಬಾಗಿಲಲ್ಲಿ ನಿಂತಿದ್ದ ಟೈಪಿಸ್ಟು ಉಗುರು ನೋಡಿಕೊಳ್ಳುತ್ತಾ, "ಅದು ಸಾಹೇಬರ ಮನೇಲಿದೆ ಮೇಡಂ," ಎಂದಳು. ಅವಳ ಬಾಯಿಗೆ ಸಕ್ಕರೆ ಹಾಕಬೇಕು ಎನಿಸಿತು ನನಗೆ.

ಮ್ಯಾನೇಜರ ಮನೆ ಆಫೀಸಿನ ಹಿಂದೆಯೇ. ಐದು ನಿಮಿಷದಲ್ಲಿ ದುರ್ಬೀನು ಬಂತು. ಹೊಸ ಚರ್ಮದ ಪಟ್ಟಿ ಹಾಕಿಸಿಕೊಂಡು, ಎಣ್ಣೆ ಬಟ್ಟೆಯಲ್ಲಿ ಒರೆಸಿಸಿಕೊಂಡು ಮದುಮಗನ ಹಾಗೆ ಮಿಂಚುತ್ತಿತ್ತು. ಇಂಜಿನಿಯರಮ್ಮ ಅದರಲ್ಲಿ ಕೋನುಗಳನ್ನು ನೋಡಿದರು, ತುಂಬಾ ಹೊತ್ತು ನೋಡಿದರು. "ಹೊಸದನ್ನ ನೀವಿಟ್ಟುಕೊಂಡು ಇದನ್ನ ಅಟ್ಟಣೆಗೆ ಕೊಡಬಹುದಿತ್ತಲ್ಲ?" ಎಂದು ಮೆಲ್ಲಗೆ ಕೇಳಿದರು.

"ಹಕ್ಕಿ ನೋಡೋಕೆ ಇಟ್ಟುಕೊಂಡೆ ಮೇಡಂ. ಹೊಸದರಲ್ಲಿ ಬಣ್ಣ ಸರಿಯಾಗಿ..." ಎಂದ ಮ್ಯಾನೇಜರು ಅಲ್ಲಿಗೇ ಬಾಯಿ ಮುಚ್ಚಿದರು.

ಕೇಳಿದಿರಾ? ಗೊತ್ತಿತ್ತು! ಮಹಡಿಯ ಮೇಲೆ ಕೂತು ಹಕ್ಕಿಯ ಪುಕ್ಕದ ಬಣ್ಣ ನೋಡುವವರಿಗೆ ಸರಿಯಾದ ಗಾಜು ಬೇಕು. ಮನುಷ್ಯರ ತಲೆ ಕಾಯುವವಳಿಗೆ ಯಾವುದಾದರೂ ನಡೆಯುತ್ತದೆ. ಅವಳು ಹೇಳಿದಾಗ ನಕ್ಕರಲ್ಲ, ನಗುವಾಗಲೂ ಗೊತ್ತಿತ್ತು. ನನ್ನ ಕೈಯಲ್ಲಿದ್ದ ಕೋನನ್ನು ಎಸೆಯದೆ ಹೇಗೆ ತಡೆದುಕೊಂಡೆನೋ ನನಗೇ ತಿಳಿಯದು. ಇಂಜಿನಿಯರಮ್ಮ ಮಾತ್ರ ಒಂದು ಮಾತೂ ಬೈಯಲಿಲ್ಲ. ಒಳಗೆ ಹೋಗಿ ಆ ಮೂರು ಸಾಲನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದರು. ಉಪಕರಣದ ದೋಷ, ಎಚ್ಚರಿಸಿದರೂ ಕಡೆಗಣಿಸಲಾಗಿದೆ, ಸೈರನ್ ಕೆಟ್ಟಿತ್ತು, ಕಾವಲುಗಾರ್ತಿ ಕರ್ತವ್ಯದಲ್ಲಿ ಎಚ್ಚರವಾಗಿದ್ದಳು ಎಂದು ಬರೆದು ಸಹಿ ಮಾಡಿದರು. ಒಂದು ಪ್ರತಿ ಚಿಕ್ಕಮ್ಮನಿಗೂ ಕೊಟ್ಟರು. "ನಾಳೆಯಿಂದ ಮೇಲೆ ಹತ್ತಿ," ಎಂದರು.

ನಾನು ಕುಣಿಯುವುದೊಂದು ಬಾಕಿ. ಚಿಕ್ಕಮ್ಮ ಮಾತ್ರ, "ಮೊದಲು ಆ ಡ್ರೈವರ್ ಮನೆಗೆ ಹೋಗೋಣ," ಎಂದಳು.

ಸೈಕಲ್ ಅಂಗಡಿಯ ಮೇಲೆ ಎರಡು ಕೋಣೆಯ ಮನೆ. ಅವನು ಕಿಟಕಿಯ ಪಕ್ಕ ಪ್ಲಾಸ್ಟರ್ ಹಾಕಿದ ಕೈಯನ್ನು ದಿಂಬಿನ ಮೇಲೆ ಇಟ್ಟುಕೊಂಡು ಕೂತಿದ್ದ. ಹೆಂಡತಿ ಬಟ್ಟೆ ಮಡಚುತ್ತಿದ್ದಳು. ನಮ್ಮನ್ನು ಕಂಡು ಬನ್ನಿ ಎನ್ನಲೂ ಇಲ್ಲ, ಹೋಗಿ ಎನ್ನಲೂ ಇಲ್ಲ. ಚಿಕ್ಕಮ್ಮ ನೆಲದ ಮೇಲೆ ಕೂತಳು, ನಾನೂ ಪಕ್ಕದಲ್ಲಿ ಕೂತು ಕಾಗದ ಬಿಚ್ಚಿ ಮೊದಲಿಂದ ಕೊನೆಯವರೆಗೆ ಓದಿದೆ. ಮ್ಯಾನೇಜರ ಹಕ್ಕಿಯ ಕಥೆಯನ್ನು ಕಾಗದದಲ್ಲಿಲ್ಲದಿದ್ದರೂ ಸೇರಿಸಿ ಹೇಳಿದೆ.

"ಅಂದ್ರೆ ನೀವು ನಿದ್ದೆ ಮಾಡ್ತಿರಲಿಲ್ಲ," ಎಂದ ಅವನು.

"ಇಲ್ಲ."

ಅಲ್ಲಿಗೆ ಮುಗಿಯಿತು, ಎದ್ದು ಬರುವುದೇ ಎಂದುಕೊಂಡೆ. ಚಿಕ್ಕಮ್ಮ ಕದಲಲಿಲ್ಲ. "ಇನ್ನೊಂದು ಮಾತಿದೆ. ಅದನ್ನ ಆ ಕಾಗದದಲ್ಲಿ ಬರೆದಿಲ್ಲ," ಎಂದಳು. ನಾನು ಅವಳ ತೊಡೆ ಚಿವುಟಿದೆ. ಅವಳು ನನ್ನ ಕೈ ಸರಿಸಿದಳು. "ಅವತ್ತು ಕಂಬದ ಮೇಲೆ ಕಂದು ಅಲುಗಿದ್ದು ಬಾವುಟವೇ ಅಂತ ನನ್ನ ಮನಸ್ಸು ಹೇಳ್ತು. ಎಳೀಬೇಕು ಅಂತ ಹಿಡಿಕೆ ಮೇಲೆ ಕೈಯೂ ಇಟ್ಟೆ. ಮತ್ತೆ ಸುಮ್ಮಸುಮ್ನೆ ಮುಚ್ಚಿದ್ಲು ಅಂತಾರೇನೋ ಅಂತ ನೋಟಿಸು ನೆನಪಾಯ್ತು. ಎಪ್ಪತ್ತು ಎಣಿಸೋವರೆಗೆ ಕೈ ಅಲ್ಲೇ ಇತ್ತು. ಅಲ್ಲೀವರೆಗೆ ಎಳೀಲಿಲ್ಲ."

ಹೆಂಡತಿಯ ಕೈಯಲ್ಲಿದ್ದ ಬಟ್ಟೆ ಅಲ್ಲೇ ನಿಂತಿತು. "ಗೊತ್ತಿದ್ದೂ ಕಾದ್ರಾ ಅಕ್ಕ?" ಎಂದಳು.

"ಕಾದೆ."

ಡ್ರೈವರು ಕಿಟಕಿಯ ಕಡೆ ಮುಖ ಮಾಡಿದ. ಆಮೇಲೆ ಹೆಂಡತಿಯ ಕಡೆಗಾಗಲಿ ನಮ್ಮ ಕಡೆಗಾಗಲಿ ತಿರುಗದೆ ಹೇಳಿದ: "ಅದಕ್ಕಿಂತ ಮುಂಚೆ ಎರಡು ದಿನ ಗೇಟು ಹಾಕಿದ್ರಲ್ಲ, ಹಾಲು ಒಡೀತು. ಆಫೀಸಿಗೆ ಹೋಗಿ ದೂರು ಕೊಟ್ಟೋನು ನಾನೇ. ಇನ್ನೊಂದ್ಸಲ ಹೀಗೆ ಮಾಡಿದ್ರೆ ಆ ಹೆಂಗಸನ್ನ ಇಳಿಸಿ ಅಂತ ಕೂಗಾಡಿ ಬಂದೆ."

ಅಷ್ಟು ದಿನದಿಂದ ಹೊತ್ತು ತಿರುಗಿದ ನನ್ನ ಸಿಟ್ಟಿಗೆ ಆ ಕೋಣೆಯಲ್ಲಿ ಇಳಿಯಲು ಒಂದು ಜಾಗ ಸಿಗಲಿಲ್ಲ. ಇವನ ಕೂಗಿಗೆ ಅವಳನ್ನು ಹೆದರಿಸಿದರು, ಅವಳ ಹೆದರಿಕೆಗೆ ಇವನ ಕೈ ಮುರಿಯಿತು. ನಡುವೆ ನಿಂತು ಒಂದು ದುರ್ಬೀನು ಬದಲಾಯಿಸಿದ್ದರೆ ಸಾಕಿತ್ತು. ಅದನ್ನು ಮಾಡಬೇಕಾದವರ ಕೂದಲೂ ಕೊಂಕಲಿಲ್ಲ.

"ನಾಳೆ ಮೇಲೆ ಹತ್ತುತೀರಾ?" ಎಂದು ಅವನು ಕೇಳಿದ.

"ನೀನು ಬೇಡ ಅಂದ್ರೆ ಹತ್ತಲ್ಲ."

"ಹತ್ತಿ. ಅನುಮಾನ ಬಂದ್ರೆ ಗೇಟು ಹಾಕಿಬಿಡಿ. ಯಾರನ್ನೂ ಕೇಳಬೇಡಿ."

"ದಿನಾ ಅನುಮಾನ ಬರುತ್ತಪ್ಪ ನನಗೆ ಇನ್ನು ಮೇಲೆ. ನಿನ್ನ ಹಾಲು ಒಡೆದ್ರೆ?"

"ಒಡೀಲಿ ಬಿಡಿ ಹದ್ದಮ್ಮ," ಎಂದ ಅವನು. "ಹಾಲು ತಾನೇ."